ಮಾಯಾಶಾಲೆಯ ಬಾಗಿಲು

ಜೂನ್ ತಿಂಗಳು ಬಂತೆಂದರೆ ಶಾಲೆಗಳ ಬಾಗಿಲು ತೆರೆಯುತ್ತದೆ. ಹಾಸನದಿಂದ ಕಟ್ಟಾಯದ ಕಡೆಗೆ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಗೆ ಹೋಗುವ ರಸ್ತೆಗಳಲ್ಲಿ ಬೆಳಗಿನ ಹೊತ್ತು ಸಮವಸ್ತ್ರದ ಮಕ್ಕಳು ಬಸ್ಸಿಗೆ ಕಾದು ನಿಲ್ಲುತ್ತಾರೆ. ಬಹುಮಂದಿಯ ಮುಖದಲ್ಲಿ ರಜೆ ಮುಗಿಯಿತಲ್ಲ ಎಂಬ ಬೇಸರ. ಜೋರು ಮಳೆ ಬಂದು ಶಾಲೆಗೆ ರಜೆ ಕೊಟ್ಟರೆ ಸಾಕೆಂದು ಹಾರೈಸದ ಹುಡುಗ ಯಾವ ಊರಿನಲ್ಲಿ ತಾನೇ ಇದ್ದಾನು? ಹೀಗಿರುವಾಗ ಒಂದು ಸಂಗತಿ ಮಾತ್ರ ಸೋಜಿಗವೆನಿಸುತ್ತದೆ. ಇತ್ತೀಚಿನ ಕಾಲದಲ್ಲಿ ಜಗತ್ತಿನ ಮಕ್ಕಳು ಮುಗಿಬಿದ್ದು ಓದಿದ ಕಥೆ ಒಂದು ಶಾಲೆಯ ಕಥೆ!

ಜೆ.ಕೆ. ರೌಲಿಂಗ್ ಬರೆದ ಹ್ಯಾರಿ ಪಾಟರ್ ಮಾಲೆಯ ಮೊದಲ ಪುಸ್ತಕ ಇಂಗ್ಲೆಂಡಿನಲ್ಲಿ ಹೊರಬಂದದ್ದು 1997ರ ಜೂನ್ 26ರಂದು. ಏಳನೆಯದೂ ಕೊನೆಯದೂ ಆದ ಪುಸ್ತಕ 2007ರ ಜುಲೈ 21ರಂದು. ಈವರೆಗೆ 50 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ, 80ಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದವಾಗಿವೆ. ಪಠ್ಯಪುಸ್ತಕದ ಎರಡು ಪುಟ ಓದಲು ಆಕಳಿಸುವ ಮಕ್ಕಳು ಆರೇಳು ನೂರು ಪುಟಗಳ ಈ ಸಂಪುಟಗಳನ್ನು ಊಟ ಮರೆತು ಓದಿದರು. ಶಾಲೆಯ ಬೇಸರ ಕಳೆಯಲು ಕಥೆ ಹಿಡಿದ ಮಗು ಕಥೆಯೊಳಗೆ ಮತ್ತೆ ಶಾಲೆಗೇ ಹೋಗಿ ಸೇರುತ್ತದೆ. ಅಲ್ಲಿಯೂ ವೇಳಾಪಟ್ಟಿಯಿದೆ, ಮನೆಗೆಲಸವಿದೆ, ವರ್ಷದ ಕೊನೆಗೆ ಪರೀಕ್ಷೆಯಿದೆ, ತಪ್ಪಿದರೆ ಶಿಕ್ಷೆಯಿದೆ, ಸಿಡುಕು ಮೋರೆಯ ಮೇಷ್ಟ್ರೂ ಇದ್ದಾರೆ. ಹಾಗಾದರೆ ಮಕ್ಕಳನ್ನು ಸೆಳೆದದ್ದು ಯಾವುದು?

ಮಾಯಾಮಂತ್ರ ಎನ್ನುವುದು ಥಟ್ಟನೆ ಹೊಳೆಯುವ ಉತ್ತರ. ಆದರೆ ಮಾಯಾಮಂತ್ರದ ಕಥೆಗಳಿಗೆ ಎಂದೂ ಕೊರತೆಯಿರಲಿಲ್ಲ. ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣವಿಟ್ಟ ರಾಕ್ಷಸನ ಕಥೆ ಅಜ್ಜಿಯರ ಬಾಯಲ್ಲಿ ಎಷ್ಟೋ ತಲೆಮಾರುಗಳಿಂದ ಇದೆ. ಮಾಯೆಗೆ ಶಾಲೆ ಸೇರಿದಾಗ ಹುಟ್ಟುವ ಸೆಳೆತ ಬೇರೆಯದು. ಅದರ ಬೇರು ಹುಡುಕಿ ಹೊರಟರೆ ದಾರಿ ಇಂಗ್ಲೆಂಡಿಗೆ ಮಾತ್ರ ಹೋಗುವುದಿಲ್ಲ; ಮಹಾಭಾರತದ ಆಶ್ರಮಗಳಿಗೂ ಹಾಸನ ಜಿಲ್ಲೆಯ ಹಳ್ಳಿಗಳಿಗೂ ಹೋಗುತ್ತದೆ.

ಒಂದೇ ಪದ, ಎರಡು ಅರ್ಥ

ಕನ್ನಡದ ‘ವಿದ್ಯೆ’ ಎಂಬ ಪದವನ್ನೇ ನೋಡಬಹುದು. ಶಾಲೆಯಲ್ಲಿ ಕಲಿಯುವುದು ವಿದ್ಯೆ, ಕಲಿಯುವವನು ವಿದ್ಯಾರ್ಥಿ, ಕಲಿಸುವ ಸ್ಥಳ ವಿದ್ಯಾಲಯ. ಜಾತ್ರೆಯಲ್ಲಿ ಗಾರುಡಿಗ ಬುಟ್ಟಿಯೊಳಗಿನ ಹುಡುಗನನ್ನು ಮಾಯ ಮಾಡುವುದೂ ವಿದ್ಯೆಯೇ. ಅದು ಕಣ್ಕಟ್ಟು ವಿದ್ಯೆ. ತನ್ನ ದೇಹ ಬಿಟ್ಟು ಇನ್ನೊಬ್ಬರ ದೇಹ ಹೊಗುವುದು ಪರಕಾಯಪ್ರವೇಶ ವಿದ್ಯೆ. ತುಂಟತನ ಮಾಡಿ ಸಿಕ್ಕಿಬಿದ್ದ ಮಗನನ್ನು ‘ಈ ವಿದ್ಯೆ ಎಲ್ಲಿ ಕಲಿತೆಯೋ’ ಎಂದು ತಾಯಿ ಗದರುವಾಗಲೂ ಅದೇ ಪದ. ವಾತ್ಸ್ಯಾಯನ ಪಟ್ಟಿ ಮಾಡಿದ 64 ಕಲೆಗಳಲ್ಲಿ ಸಂಗೀತ, ಚಿತ್ರ, ಅಡುಗೆಗಳ ಸಾಲಿನಲ್ಲಿಯೇ ಇಂದ್ರಜಾಲಕ್ಕೂ ಜಾಗವಿದೆ.

ಇದು ಬರಿಯ ಪದದ ಆಟವಲ್ಲ. ಬಾರದಿದ್ದವನಿಗೆ ಬರುವವನ ವಿದ್ಯೆ ಮಾಯೆಯಂತೆಯೇ ಕಾಣುತ್ತದೆ. ಅಕ್ಷರ ತಿಳಿಯದ ಮಗುವಿನ ಮುಂದೆ ಅಣ್ಣನೊಬ್ಬ ಕಾಗದದ ಮೇಲಿನ ಗೀಟುಗಳನ್ನು ನೋಡಿ ದೂರದ ಊರಿನ ಸುದ್ದಿ ಹೇಳಿದರೆ ಅದಕ್ಕಿಂತ ದೊಡ್ಡ ಮಂತ್ರ ಯಾವುದು? ಅಕ್ಷರ ಕಲಿತ ಮೊದಲ ದಿನಗಳಲ್ಲಿ ಅಂಗಡಿಯ ಬೋರ್ಡು, ಬಸ್ಸಿನ ಹಲಗೆ, ಬೆಂಕಿಪೊಟ್ಟಣದ ಚೀಟಿ, ಎಲ್ಲವನ್ನೂ ಮಗು ಗಟ್ಟಿಯಾಗಿ ಓದುತ್ತ ಹೋಗುವುದು ಈ ಬೆರಗಿನಿಂದಲೇ. ಆ ಬೆರಗು ಎರಡು ಮೂರು ವರ್ಷಗಳಲ್ಲಿ ಮಾಯವಾಗುತ್ತದೆ. ಕಲಿತದ್ದು ಪರೀಕ್ಷೆಯ ಅಂಕವಾಗಿ ಮಾತ್ರ ಹಿಂದಿರುಗತೊಡಗುತ್ತದೆ. ಮಾಯಾಶಾಲೆಯ ಕಥೆ ಕಳೆದುಹೋದ ಆ ಬೆರಗನ್ನು ಮಗುವಿಗೆ ಹಿಂದಕ್ಕೆ ತಂದುಕೊಡುತ್ತದೆ. ಅಲ್ಲಿ ಬೆಳಗ್ಗೆ ಕಲಿತ ಪಾಠ ಸಂಜೆಯ ಹೊತ್ತಿಗೆ ಬಾಗಿಲ ಬೀಗ ತೆಗೆಯುತ್ತದೆ, ಗರಿಯನ್ನು ಗಾಳಿಗೆ ಏರಿಸುತ್ತದೆ, ಗೆಳೆಯನ ಪ್ರಾಣ ಉಳಿಸುತ್ತದೆ.

ಆಶ್ರಮದ ಮಾಯಾವಿದ್ಯೆ

ಹಳೆಯ ಕಥೆಗಳು ಇದನ್ನು ಚೆನ್ನಾಗಿ ಬಲ್ಲವು. ರಾಮಾಯಣದಲ್ಲಿ ವಿಶ್ವಾಮಿತ್ರ ಅರಮನೆಗೆ ಬಂದು, ಇನ್ನೂ 16 ತುಂಬದ ರಾಮನನ್ನು ತನ್ನೊಡನೆ ಕಳುಹಿಸೆಂದು ದಶರಥನನ್ನು ಕೇಳುತ್ತಾನೆ. ತಂದೆ ತಲ್ಲಣಿಸುತ್ತಾನೆ, ಹುಡುಗರು ಹೊರಡುತ್ತಾರೆ. ಸರಯೂ ನದಿಯ ದಡದಲ್ಲಿ ರಾಮನಿಗೆ ದೊರೆಯುವ ಮೊದಲ ಪಾಠ ಬಲಾ, ಅತಿಬಲಾ ಎಂಬ ಎರಡು ವಿದ್ಯೆಗಳು. ಅವನ್ನು ಬಲ್ಲವರನ್ನು ಹಸಿವು ಬಾಯಾರಿಕೆಗಳು ಬಾಧಿಸುವುದಿಲ್ಲ. ಮನೆ ಬಿಟ್ಟು ಹೊರಟ ಮಗುವಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದೇನೆಂಬುದನ್ನು ಕಥೆ ಕಟ್ಟಿದವರು ಮರೆತಿರಲಿಲ್ಲ.

ಕಚನ ಕಥೆಯಂತೂ ಮಾಯಾಶಾಲೆಯ ಕಥೆಗಳಿಗೆಲ್ಲ ಹಿರಿಯಣ್ಣ. ಸತ್ತವರನ್ನು ಬದುಕಿಸುವ ಮೃತಸಂಜೀವಿನಿ ವಿದ್ಯೆ ಅಸುರರ ಗುರು ಶುಕ್ರಾಚಾರ್ಯನೊಬ್ಬನಿಗೇ ಗೊತ್ತು. ದೇವತೆಗಳ ಗುರು ಬೃಹಸ್ಪತಿಯ ಮಗ ಕಚ ಅದನ್ನು ಕಲಿಯಲು ಶತ್ರುಪಾಳೆಯದ ಆಶ್ರಮಕ್ಕೆ ಸೇರುತ್ತಾನೆ. ಅಸುರರು ಅವನನ್ನು ಮತ್ತೆ ಮತ್ತೆ ಕೊಲ್ಲುತ್ತಾರೆ. ಗುರುಪುತ್ರಿ ದೇವಯಾನಿಯ ಮೊರೆ ಕೇಳಿ ಶುಕ್ರ ಬದುಕಿಸುತ್ತಾನೆ. ಕೊನೆಗೆ ಅವನನ್ನು ಸುಟ್ಟು ಬೂದಿಯನ್ನು ಮದ್ಯದಲ್ಲಿ ಬೆರೆಸಿ ಗುರುವಿಗೇ ಕುಡಿಸುತ್ತಾರೆ. ಗುರುವಿನ ಹೊಟ್ಟೆಯೊಳಗೇ ಕುಳಿತು ಕಚ ಮಂತ್ರವನ್ನು ಕಲಿಯುತ್ತಾನೆ, ಹೊಟ್ಟೆ ಸೀಳಿ ಹೊರಬರುತ್ತಾನೆ, ಕಲಿತ ಮಂತ್ರದಿಂದಲೇ ಸತ್ತುಬಿದ್ದ ಗುರುವನ್ನು ಬದುಕಿಸುತ್ತಾನೆ. ಪಾಠ, ಪರೀಕ್ಷೆ, ಗುರುದಕ್ಷಿಣೆ ಮೂರೂ ಒಂದೇ ಗಳಿಗೆಯಲ್ಲಿ ಮುಗಿಯುತ್ತವೆ. ದೇವಯಾನಿಯ ಪ್ರೀತಿಯನ್ನು ಒಪ್ಪದ ಕಚನಿಗೆ, ಕಲಿತ ವಿದ್ಯೆ ನಿನಗೆ ಫಲಿಸದಿರಲಿ ಎಂಬ ಶಾಪ ತಟ್ಟುತ್ತದೆ. ನನಗೆ ಫಲಿಸದಿದ್ದರೂ ನಾನು ಕಲಿಸಿದವರಿಗೆ ಫಲಿಸುತ್ತದೆ ಎಂಬ ಸಮಾಧಾನದೊಂದಿಗೆ ಅವನು ಹಿಂದಿರುಗುತ್ತಾನೆ. ಮೇಷ್ಟರ ವೃತ್ತಿಯ ಮರ್ಮವೇ ಈ ಮಾತಿನಲ್ಲಿದೆ.

ಆದರೆ ಇದೇ ಮಹಾಭಾರತ ಬಾಗಿಲು ಮುಚ್ಚಿದ ಶಾಲೆಯ ಕಥೆಯನ್ನೂ ಹೇಳುತ್ತದೆ. ಬೇಡರ ಹುಡುಗ ಏಕಲವ್ಯನನ್ನು ದ್ರೋಣ ಶಿಷ್ಯನಾಗಿ ಒಪ್ಪುವುದಿಲ್ಲ. ಹುಡುಗ ಕಾಡಿನಲ್ಲಿ ಗುರುವಿನ ಮಣ್ಣಿನ ಮೂರ್ತಿ ಮಾಡಿ, ಅದರೆದುರು ತಾನೇ ಕಲಿಯುತ್ತಾನೆ. ಕಲಿತ ತಪ್ಪಿಗೆ ಹೆಬ್ಬೆರಳು ತೆರುತ್ತಾನೆ. ಕರ್ಣ ಹುಟ್ಟನ್ನು ಮರೆಮಾಚಿ ಪರಶುರಾಮನ ಬಳಿ ಕಲಿಯುತ್ತಾನೆ. ಗುಟ್ಟು ಬಯಲಾದಾಗ, ಬೇಕಾದ ಹೊತ್ತಿಗೆ ಅಸ್ತ್ರದ ಮಂತ್ರ ಮರೆತುಹೋಗಲಿ ಎಂಬ ಶಾಪ ಹೊರುತ್ತಾನೆ. ವರ್ಷವಿಡೀ ಓದಿ ಪರೀಕ್ಷೆಯ ಕೋಣೆಯಲ್ಲಿ ಎಲ್ಲ ಮರೆತವರಿಗೆ ಕರ್ಣನ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿದ್ಯೆ ಎಷ್ಟು ದೊಡ್ಡದೋ, ಅದರ ಬಾಗಿಲಲ್ಲಿ ಯಾರನ್ನು ನಿಲ್ಲಿಸುತ್ತಾರೆ ಎಂಬ ಪ್ರಶ್ನೆಯೂ ಅಷ್ಟೇ ದೊಡ್ಡದೆಂಬುದನ್ನು ಈ ಕಥೆಗಳು ಮುಚ್ಚಿಡಲಿಲ್ಲ.

ಜನಪದರ ಬಾಯಲ್ಲಿ ಗುರುಶಿಷ್ಯರ ಕಥೆ ಇನ್ನಷ್ಟು ತುಂಟತನ ಪಡೆಯುತ್ತದೆ. ಬಡವನೊಬ್ಬ ಮಗನನ್ನು ಮಂತ್ರವಾದಿಯ ಬಳಿ ವಿದ್ಯೆಗೆ ಬಿಡುತ್ತಾನೆ. ಗುರು ಹುಡುಗನಿಂದ ಚಾಕರಿ ಮಾಡಿಸುತ್ತಾನೆಯೇ ಹೊರತು ವಿದ್ಯೆ ಕೊಡುವುದಿಲ್ಲ. ಹುಡುಗ ಕದ್ದು ನೋಡಿ ಎಲ್ಲವನ್ನೂ ಕಲಿಯುತ್ತಾನೆ. ಮುಂದೆ ಇಬ್ಬರ ನಡುವೆ ರೂಪ ಬದಲಿಸುವ ಓಟ. ಶಿಷ್ಯ ಮೀನಾದರೆ ಗುರು ಕೊಕ್ಕರೆ, ಶಿಷ್ಯ ಹಕ್ಕಿಯಾದರೆ ಗುರು ಗಿಡುಗ, ಶಿಷ್ಯ ರಾಜಕುಮಾರಿಯ ಕೊರಳ ಸರವಾಗಿ ಮಣಿಮಣಿಯಾಗಿ ಚೆದುರಿದರೆ ಗುರು ಕೋಳಿಯಾಗಿ ಹೆಕ್ಕಲು ಬರುತ್ತಾನೆ. ಕೊನೆಯ ಮಣಿ ಬೆಕ್ಕಾಗಿ ಕೋಳಿಯ ಮೇಲೆ ಹಾರುತ್ತದೆ. ಭಾರತದಿಂದ ಯುರೋಪಿನವರೆಗೆ ಹಬ್ಬಿರುವ ಈ ಕಥೆಯನ್ನು ಜಾನಪದ ವಿದ್ವಾಂಸರು ಜಾಗತಿಕ ಕಥಾಸೂಚಿಯಲ್ಲಿ 325ನೆಯ ಮಾದರಿಯೆಂದು ಗುರುತಿಸಿದ್ದಾರೆ. ಇಟಲಿಯ ಸ್ಟ್ರಾಪರೋಲಾ 1550ರ ದಶಕದಲ್ಲೇ ಇದರ ಒಂದು ರೂಪವನ್ನು ತನ್ನ ಕಥಾಸಂಗ್ರಹದಲ್ಲಿ ಅಚ್ಚು ಹಾಕಿಸಿದ. ಗುರುವನ್ನು ಮೀರಿಸುವ ಆಸೆ, ಗುರು ನುಂಗಿಬಿಟ್ಟಾನೆಂಬ ಭಯ ಎರಡೂ ಎಲ್ಲ ದೇಶದ ಮಕ್ಕಳಿಗೂ ಸಮಾನ.

ಓರಗೆಯವರ ಲೋಕ

ಈ ಹಳೆಯ ಕಥೆಗಳಲ್ಲಿ ಎಲ್ಲವೂ ಇದ್ದರೂ ಒಂದು ಕಡಿಮೆ. ಶಿಷ್ಯ ಹೆಚ್ಚಾಗಿ ಒಬ್ಬಂಟಿ. ಪಕ್ಕದಲ್ಲಿ ಕುಳಿತು ಕಿಸಕ್ಕನೆ ನಗುವ ಗೆಳೆಯನಿಲ್ಲ, ಬುತ್ತಿ ಹಂಚಿಕೊಳ್ಳುವ ಗೆಳತಿಯಿಲ್ಲ. ಧೌಮ್ಯರ ಆಶ್ರಮದಲ್ಲಿ ಆರುಣಿ, ಉಪಮನ್ಯು, ವೇದ ಎಂಬ ಮೂವರು ಶಿಷ್ಯರಿದ್ದರು. ಗದ್ದೆಯ ಬದು ಒಡೆದಾಗ ಆರುಣಿ ಅಡ್ಡ ಮಲಗಿ ನೀರು ತಡೆದ ಕಥೆ ಪ್ರಸಿದ್ಧ. ಆ ರಾತ್ರಿ ಗೆಳೆಯರಿಬ್ಬರಿಗೆ ಏನೆನ್ನಿಸಿತು ಎಂಬುದಕ್ಕಿಂತ ಗುರು ಏನೆಂದರು ಎಂಬುದೇ ಕಥೆಗೆ ಮುಖ್ಯ.

ಮಕ್ಕಳ ನಡುವಿನ ಲೋಕವನ್ನು ಕಥೆಯ ನಡುವಿಗೆ ತಂದದ್ದು ಇಂಗ್ಲೆಂಡಿನ ವಸತಿಶಾಲೆಯ ಕಾದಂಬರಿಗಳು. ಥಾಮಸ್ ಹ್ಯೂಸ್ 1857ರಲ್ಲಿ ಬರೆದ ಟಾಮ್ ಬ್ರೌನನ ಶಾಲಾದಿನಗಳ ಕಾದಂಬರಿ ಇದಕ್ಕೆ ಮಾದರಿಯಾಯಿತು. ದೂರದ ಶಾಲೆಗೆ ಹೊರಡುವ ಹುಡುಗ, ಅಲ್ಲಿ ಒಬ್ಬ ಗೆಳೆಯ, ಒಬ್ಬ ಪೀಡಕ, ಆಟದ ಮೈದಾನ, ದೊಡ್ಡ ಮನಸ್ಸಿನ ಮುಖ್ಯೋಪಾಧ್ಯಾಯ. ಇಪ್ಪತ್ತನೆಯ ಶತಮಾನದ ನಡುವೆ ಎನಿಡ್ ಬ್ಲೈಟನ್ ಹುಡುಗಿಯರ ವಸತಿಶಾಲೆಯ ಕಥೆಗಳನ್ನು ಬರೆದಳು. ನಮ್ಮ ದೇಶದ ಇಂಗ್ಲಿಷ್ ಶಾಲೆಗಳ ಮಕ್ಕಳು ಅವನ್ನು ಓದಿ, ಕಂಡರಿಯದ ತಿಂಡಿಗಳಿಗೆ ಬಾಯಲ್ಲಿ ನೀರೂರಿಸಿಕೊಂಡರು.

ಈ ಹೊಳೆಗೆ ಮಾಯೆಯ ಹೊಳೆ ಬಂದು ಸೇರಿದ್ದು ಆಮೇಲೆ. 1968ರಲ್ಲಿ ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ನೂರಾರು ದ್ವೀಪಗಳ ಒಂದು ಲೋಕವನ್ನೂ ಅಲ್ಲಿ ಮಂತ್ರ ಕಲಿಸುವ ಶಾಲೆಯನ್ನೂ ಕಲ್ಪಿಸಿದಳು. ಅಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ನಿಜನಾಮವಿದೆ. ಅದನ್ನು ಬಲ್ಲವನಿಗೆ ಮಾತ್ರ ವಸ್ತು ವಶ. ಹೆಸರುಗಳ ಉದ್ದುದ್ದ ಪಟ್ಟಿಯನ್ನು ಬಾಯಿಪಾಠ ಮಾಡುವುದೇ ಅಲ್ಲಿನ ಕಠಿಣ ಪಾಠ. ಜಂಬದಿಂದ ಮಂತ್ರ ಪ್ರಯೋಗಿಸಿದ ಹುಡುಗ ಬಿಡುಗಡೆ ಮಾಡಿದ ಕರಿನೆರಳು ಅವನನ್ನೇ ಬೆನ್ನಟ್ಟುತ್ತದೆ. 1974ರಲ್ಲಿ ಜಿಲ್ ಮರ್ಫಿ, ಯಾವ ಮಂತ್ರ ಹಾಕಿದರೂ ಎಡವಟ್ಟು ಮಾಡಿಕೊಳ್ಳುವ ಹುಡುಗಿಯ ಕಥೆ ಬರೆದಳು. ರೌಲಿಂಗ್ ಕೈಗೆ ಬರುವ ಹೊತ್ತಿಗೆ ಮಾಯಾಶಾಲೆಯ ಅಡಿಪಾಯ, ಗೋಡೆ ಎಲ್ಲವೂ ಎದ್ದಿದ್ದವು.

ರೌಲಿಂಗ್ ಮಾಡಿದ ಮುಖ್ಯ ಕೆಲಸ ಬಾಗಿಲಿನದು. ಹ್ಯಾರಿ ಅಪ್ಪ ಅಮ್ಮ ಇಲ್ಲದ ಹುಡುಗ. ಚಿಕ್ಕಮ್ಮ ದೊಡ್ಡಮ್ಮಂದಿರ ಹಂಗಿನಲ್ಲಿ ಬೆಳೆದ ಅನಾಥರನ್ನು ಕಂಡವರಿಗೆ ಅವನ ಸ್ಥಿತಿ ಹೊಸದೇನಲ್ಲ. ಮಹಡಿಯ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗುತ್ತಾನೆ. ಹನ್ನೊಂದು ತುಂಬುವ ಹೊತ್ತಿಗೆ ಅವನ ಹೆಸರಿಗೆ ಒಂದು ಕಾಗದ ಬರುತ್ತದೆ: ನಿನಗೆ ನಮ್ಮ ಶಾಲೆಯಲ್ಲಿ ಜಾಗವಿದೆ, ಬಾ. ಅದಕ್ಕಾಗಿ ಅವನು ಪ್ರವೇಶ ಪರೀಕ್ಷೆ ಬರೆದಿಲ್ಲ, ಯಾರ ಶಿಫಾರಸೂ ಇಲ್ಲ. ಅವನ ಹೆಸರು ಹುಟ್ಟಿದಾಗಲೇ ಆ ಶಾಲೆಯ ಪುಸ್ತಕದಲ್ಲಿ ದಾಖಲಾಗಿದೆ. ಮಾಂತ್ರಿಕರ ಕುಲದಲ್ಲಿ ಹುಟ್ಟದ ಮಕ್ಕಳಿಗೂ ಅಲ್ಲಿಗೆ ಕರೆ ಬರುತ್ತದೆ. ಅಂಥವರು ರಕ್ತಶುದ್ಧಿಯಿಲ್ಲದವರೆಂದು ಹೀಯಾಳಿಸುವವರೇ ಕಥೆಯ ಖಳರು. ತರಗತಿಯಲ್ಲಿ ಎಲ್ಲರಿಗಿಂತ ಮುಂದಿರುವ ಹುಡುಗಿ ಅಂಥ ಮನೆಯಿಂದಲೇ ಬಂದವಳು. ಏಕಲವ್ಯನಿಗೆ ಮುಚ್ಚಿದ ಬಾಗಿಲು ಈ ಕಥೆಯಲ್ಲಿ ತೆರೆದಿದೆ. ಓದುವ ಮಗುವಿಗೆ ಇಷ್ಟು ವಿಶ್ಲೇಷಣೆ ಬೇಡ. ನನ್ನ ಹೆಸರಿಗೂ ಒಂದು ಕಾಗದ ಬಂದೀತು ಎಂದು ಅನ್ನಿಸಿದರೆ ಅದಕ್ಕೆ ಸಾಕು.

ಚಂದಮಾಮದಿಂದ ವಾರಾನ್ನದವರೆಗೆ

ಕನ್ನಡದ ಹಳ್ಳಿಯ ಮಕ್ಕಳಿಗೆ ಅಚ್ಚಿನ ರೂಪದಲ್ಲಿ ಮಾಯಾಲೋಕ ತಂದುಕೊಟ್ಟದ್ದು ಚಂದಮಾಮ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಮದರಾಸಿನಲ್ಲಿ 1947ರ ಜುಲೈಯಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಈ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂತು. ಎಂ.ಟಿ.ವಿ. ಆಚಾರ್ಯರ ಮುಖಪುಟಗಳು, ಶಂಕರ್ ಬರೆದ ಬೇತಾಳನ ಚಿತ್ರ, ದಾಸರಿ ಸುಬ್ರಹ್ಮಣ್ಯಂ ಹೆಣೆದ ಮಾಂತ್ರಿಕರ ಧಾರಾವಾಹಿಗಳು ಹಲವು ತಲೆಮಾರುಗಳನ್ನು ಸಾಕಿದವು. ಒಂದು ಸಂಚಿಕೆ ಕೈಯಿಂದ ಕೈಗೆ ಹೋಗಿ ಹೊದಿಕೆ ಕಿತ್ತು ಹೋಗುವವರೆಗೂ ಓದಿಸಿಕೊಳ್ಳುತ್ತಿತ್ತು. ಆದರೆ ಅಲ್ಲಿನ ನಾಯಕ ಹೆಚ್ಚಾಗಿ ರಾಜಕುಮಾರ ಅಥವಾ ಸಾಹಸಿ ತರುಣ. ಮಾಂತ್ರಿಕ ಹೆಚ್ಚಾಗಿ ದುಷ್ಟ. ಮಾಯೆಯನ್ನು ಸೋಲಿಸುವುದು ಕಥೆಯ ಗುರಿಯಾಗಿತ್ತು, ಅದನ್ನು ಕಲಿಯುವುದಲ್ಲ. ಆರು ದಶಕಗಳಿಗೂ ಹೆಚ್ಚು ಕಾಲ ಬಾಳಿದ ಚಂದಮಾಮ 2013ರ ಸುಮಾರಿಗೆ ನಿಂತುಹೋಯಿತು.

ಕನ್ನಡದಲ್ಲಿ ಶಾಲೆಯ ಕಥೆ ಮಾಯೆಯ ಕಥೆಯಾಗದೆ ಆತ್ಮಕಥೆಯಾಗಿ ಬಂತು. ಅದಕ್ಕೆ ಕಾರಣವಿದೆ. ಹಿಂದಿನ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು, ಮಗ್ಗಿ ಕೂಗುತ್ತಿದ್ದರು; ತಪ್ಪಿದರೆ ಬೆತ್ತ, ಅದಕ್ಕೂ ಮೀರಿದರೆ ಹಗ್ಗಕ್ಕೆ ನೇತುಬಿಡುವ ಕೋದಂಡ. ಹಳ್ಳಿಯ ಶಾಲೆ ಮುಗಿಸಿದವನು ಮುಂದೆ ಓದಬೇಕಾದರೆ ಪಟ್ಟಣಕ್ಕೆ ಹೋಗಬೇಕು. ಅಲ್ಲಿ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ವಾರಾನ್ನ ಹಿಡಿಯಬೇಕು. ಯಾವುದಾದರೂ ಮನೆಯಲ್ಲಿ ‘ಇನ್ನು ಬರಬೇಡ’ ಎಂದರೆ ಆ ದಿನ ಉಪವಾಸ. ಚನ್ನರಾಯಪಟ್ಟಣ ತಾಲೂಕಿನ ಸಂತೆಶಿವರದಲ್ಲಿ ಹುಟ್ಟಿ, ಪ್ಲೇಗಿಗೆ ತಾಯಿಯನ್ನು ಕಳೆದುಕೊಂಡು, ಕಂಡವರ ಮನೆಯಲ್ಲಿ ಉಂಡು ಓದಿ ಮುಂದೆ ಬಂದ ಎಸ್.ಎಲ್. ಭೈರಪ್ಪನವರು 1996ರ ‘ಭಿತ್ತಿ’ಯಲ್ಲಿ ಆ ದಿನಗಳನ್ನು ಬರೆದಿದ್ದಾರೆ. 2025ರಲ್ಲಿ ತೀರಿಕೊಂಡ ಈ ಕಾದಂಬರಿಕಾರರ ಬಾಲ್ಯವನ್ನು ಓದಿದವರಿಗೆ, ಮೆಟ್ಟಿಲ ಕೆಳಗಿನ ಗೂಡಿನಿಂದ ಶಾಲೆ ಹುಡುಗನೊಬ್ಬನನ್ನು ಹೊರತರುವ ಕಥೆ ಹಾಸನದ ನೆಲದಲ್ಲಿ ಕಲ್ಪನೆಯಾಗಿರಲಿಲ್ಲ ಎಂಬುದು ತಿಳಿಯುತ್ತದೆ. ಅಲ್ಲಿ ಮಂತ್ರದಂಡ ಮಾತ್ರ ಇರಲಿಲ್ಲ.

ಬಾಗಿಲೇ ತೆರೆಯದಿದ್ದವರ ಕಥೆ ಬೇರೆ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ ಅವರು 19ನೆಯ ಶತಮಾನದ ಕೊನೆಯ ದಶಕದಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಸ್ವಂತ ಸಮುದಾಯದ ಬಹಿಷ್ಕಾರ ಎದುರಿಸಬೇಕಾಯಿತು. ಮುಂದಿನ ಶತಮಾನದಲ್ಲಿ ವಿದ್ಯಾರ್ಥಿನಿಲಯಗಳು ಬಂದವು. ಕವಿ ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಬರುವ ಬೆಂಗಳೂರಿನ ಹಾಸ್ಟೆಲಿನ ಪುಟಗಳನ್ನು ಓದಿದರೆ ಇಂಗ್ಲಿಷ್ ಶಾಲೆಯ ಕಥೆಗಳ ಎಲ್ಲ ಸಾಮಗ್ರಿಯೂ ಅಲ್ಲಿದೆ: ಗೆಳೆತನ, ಕೀಟಲೆ, ವಾರ್ಡನ್ನರ ಭಯ, ಹೊಟ್ಟೆಯ ಹಸಿವು, ಹೊಟ್ಟೆ ಹುಣ್ಣಾಗುವಷ್ಟು ನಗು. ಶಾಲೆ, ಹಾಸ್ಟೆಲುಗಳು ಮಕ್ಕಳಿಗೆ ಎರಡನೆಯ ಜನ್ಮ ಕೊಟ್ಟ ಜಾಗಗಳೆಂಬ ಭಾವ ಈ ಆತ್ಮಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮಾಯಾಶಾಲೆಯ ಕಥೆ ಹೇಳುವುದೂ ಅದನ್ನೇ.

ಮಾಯೆ ಮತ್ತು ಶಾಲೆ ಒಟ್ಟಾಗಿ ಬಂದ ಕನ್ನಡದ ಒಂದು ಮಧುರ ಕೃತಿ ಕುವೆಂಪು ಅವರ ‘ನನ್ನ ಗೋಪಾಲ’. ಬಡ ತಾಯಿಯ ಮಗ ಕಾಡು ದಾಟಿ ಗುರುಗಳ ಶಾಲೆಗೆ ಹೋಗಬೇಕು; ಅವನಿಗೆ ಭಯ. ಕಾಡಿನಲ್ಲಿ ನಿನ್ನ ಅಣ್ಣ ಗೋಪಾಲ ಇದ್ದಾನೆ, ಕರೆ ಎನ್ನುತ್ತಾಳೆ ತಾಯಿ. ಕರೆದರೆ ಅಣ್ಣ ಬಂದೇ ಬರುತ್ತಾನೆ. ಗುರುಗಳ ಮನೆಯ ಸಮಾರಂಭಕ್ಕೆ ಒಯ್ಯಲು ಅವನು ಕೊಟ್ಟ ಪುಟ್ಟ ಕುಡಿಕೆ ಎಷ್ಟು ಬಗ್ಗಿಸಿದರೂ ಬರಿದಾಗುವುದಿಲ್ಲ. ದೂರದ ದಾರಿ, ಒಂಟಿತನ, ಬಡತನದ ನಾಚಿಕೆ: ಶಾಲೆಗೆ ಹೋಗುವ ಬಡ ಮಗುವಿನ ಮೂರು ಭಯಗಳನ್ನೂ ಕಥೆ ಮುಟ್ಟುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2002-03ರ ಅವಧಿಯಲ್ಲಿ ಬಿಸಿಯೂಟ, 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂದವು. ಬಲಾ, ಅತಿಬಲಾ ವಿದ್ಯೆಗಳನ್ನೂ ಬರಿದಾಗದ ಕುಡಿಕೆಯನ್ನೂ ಕಲ್ಪಿಸಿದ ಮನಸ್ಸು ಬಯಸಿದ್ದು ಇಂಥದನ್ನೇ ಅಲ್ಲವೇ?

ಹಿರಿಯರ ಆತಂಕ

ಮಂತ್ರ ತಂತ್ರದ ಕಥೆ ಓದಿ ಮಕ್ಕಳು ಮೂಢನಂಬಿಕೆಗೆ ಬೀಳುವುದಿಲ್ಲವೇ ಎಂದು ಕೇಳುವ ಹಿರಿಯರಿದ್ದಾರೆ. ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಸಮಿತಿ ರಚಿಸಿದ ನಾಡು ಇದು. ಅಮಾನವೀಯ ಆಚರಣೆ ಮತ್ತು ವಾಮಾಚಾರಗಳನ್ನು ತಡೆಯಲು 2017ರಲ್ಲಿ ಕಾಯಿದೆಯನ್ನೇ ಮಾಡಬೇಕಾಗಿ ಬಂದ ನಾಡೂ ಹೌದು.

ಆದರೆ ಊರಿನವರು ಅಂಜುವ ಮಾಟಕ್ಕೂ ಕಥೆಯ ಮಾಯಾವಿದ್ಯೆಗೂ ಅಂತರವಿದೆ. ಮಾಟ ಗುಟ್ಟಿನಲ್ಲಿ ಬದುಕುತ್ತದೆ. ಯಾರು ಮಾಡಿದರು, ಹೇಗೆ ಮಾಡಿದರು ಎಂದು ತಿಳಿಯದಿರುವುದೇ ಅದರ ಬಲ. ಮಾಯಾಶಾಲೆಯಲ್ಲಿ ಗುಟ್ಟಿಗೆ ಪಠ್ಯಕ್ರಮವಿದೆ. ಉಚ್ಚಾರಣೆ ತಪ್ಪಿದರೆ ಮಂತ್ರ ಕೆಲಸ ಮಾಡದು, ಅಳತೆ ತಪ್ಪಿದರೆ ಕಷಾಯ ಕೆಡುತ್ತದೆ, ಮತ್ತೆ ಮೊದಲಿನಿಂದ ಮಾಡಬೇಕು. ಎಲ್ಲಕ್ಕೂ ಕಾರಣವಿದೆ, ಎಲ್ಲವನ್ನೂ ಕೇಳಬಹುದು, ಅಭ್ಯಾಸದಿಂದ ಯಾರೂ ಕಲಿಯಬಹುದು. ಇದು ಮಾಟಗಾರನ ಗುಡಿಸಲಿಗಿಂತ ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಹತ್ತಿರ. ‘ಪ್ರಶ್ನಿಸದೆ ಒಪ್ಪಬೇಡ’ ಎಂಬ ನರಸಿಂಹಯ್ಯನವರ ಪಾಠಕ್ಕೆ ಅದರಿಂದ ಧಕ್ಕೆಯಿಲ್ಲ. ಗುಬ್ಬಚ್ಚಿಯ ಕಥೆ ಕೇಳಿದ ಮಗು ಗುಬ್ಬಚ್ಚಿ ನಿಜವಾಗಿ ಮಾತಾಡುತ್ತದೆಂದು ನಂಬಿ ಕೂರುವುದಿಲ್ಲ. ಕಥೆ ಯಾವುದು, ಬದುಕು ಯಾವುದು ಎಂಬುದನ್ನು ಅದು ಬಹಳ ಬೇಗ ಬೇರ್ಪಡಿಸುತ್ತದೆ.

80 ಮಂದಿಗೆ ಬರುವ ಕಾಗದ

ಮಕ್ಕಳು ಈ ಕಥೆಗಳಲ್ಲಿ ಕಾಣುವುದೇನೆಂಬುದನ್ನು ಈಗ ಹೇಳಬಹುದು: ಕಲಿತದ್ದು ಕೈಗೆ ಹತ್ತುವ ವಿದ್ಯೆ, ಕಷ್ಟಕ್ಕಾಗುವ ಗೆಳೆಯರು, ನ್ಯಾಯವಾದ ಗುರು, ಹೊಟ್ಟೆ ತುಂಬುವ ಊಟ, ಎಲ್ಲಕ್ಕೂ ಮೊದಲು ತನ್ನ ಹೆಸರು ಹಿಡಿದು ಕರೆಯುವ ಒಂದು ಬಾಗಿಲು. ಇದರಲ್ಲಿ ಮಾಯೆ ಎಷ್ಟು? ಬಹುಪಾಲು ಯಾವುದೇ ಒಳ್ಳೆಯ ಶಾಲೆ ಕೊಡಬೇಕಾದದ್ದೇ. ಮಕ್ಕಳ ಓದಿನ ಹಂಬಲವನ್ನು ಶಾಲೆಯ ಮೇಲಿನ ದೂರೆಂದೂ ಓದಬಹುದು, ಶಾಲೆಯ ಮೇಲಿನ ಆಸೆಯೆಂದೂ ಓದಬಹುದು.

ಹಾಸನ ಜಿಲ್ಲೆಯ ಐದನೆಯ ತರಗತಿಯ ಮಕ್ಕಳಿಗೆ ಅಂಥ ಕಾಗದವೊಂದು ನಿಜವಾಗಿಯೂ ಬರುತ್ತದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ ದೇಶದ ಜಿಲ್ಲೆಗಳಲ್ಲಿ ಹಬ್ಬಿದ ಜವಾಹರ ನವೋದಯ ವಿದ್ಯಾಲಯಗಳಲ್ಲಿ ಒಂದು ಹೊಳೆನರಸೀಪುರ ತಾಲೂಕಿನ ಮಾವಿನಕೆರೆಯಲ್ಲಿದೆ. ಆರನೆಯ ತರಗತಿಗೆ ಆಯ್ಕೆ, ಊಟ ವಸತಿ ಉಚಿತ, ಸೀಟುಗಳಲ್ಲಿ ನೂರಕ್ಕೆ 75ಕ್ಕೆ ಕಡಿಮೆಯಿಲ್ಲದಂತೆ ಗ್ರಾಮೀಣ ಮಕ್ಕಳಿಗೆ. ಟ್ರಂಕು ಹೊತ್ತು, ಅಮ್ಮನ ಕೈ ಬಿಟ್ಟು, ಹನ್ನೊಂದರ ಹರೆಯದಲ್ಲಿ ಹೊಸ ಗೆಳೆಯರ ನಡುವೆ ಹೋಗಿ ನಿಲ್ಲುವ ಆ ಮಕ್ಕಳಿಗೆ ಮಾಯಾಶಾಲೆಯ ಕಥೆಯ ಮೊದಲ ಅಧ್ಯಾಯ ಅನುಭವದ ಮಾತು. ಆದರೆ ಒಂದು ವಿದ್ಯಾಲಯದಲ್ಲಿ ಆರನೆಯ ತರಗತಿಗೆ ಸಾಮಾನ್ಯವಾಗಿ ಇರುವುದು 80 ಜಾಗ. ಅವಕ್ಕಾಗಿ ಇಡೀ ಜಿಲ್ಲೆಯ ಮಕ್ಕಳು ಪರೀಕ್ಷೆಗೆ ಕೂರುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದ ಮಗು ಮತ್ತೆ ಅದೇ ಬಸ್ಸು ಹತ್ತಿ ಊರಿನ ಶಾಲೆಗೆ ಹೋಗುತ್ತದೆ. ಅದರ ಕಥೆಯನ್ನು ಯಾರೂ ಬರೆಯುವುದಿಲ್ಲ.

ಪುಸ್ತಕದ ಬಾಗಿಲು ಹೆಚ್ಚು ಬೇಕಾಗಿರುವುದು ಆ ಮಗುವಿಗೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳಿವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಅವುಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ಬೀಗದ ಕೈ ಸಿಕ್ಕಂತಾಯಿತು, ನಿಜ. ಕೋಣೆಯೊಳಗೆ ಏನಿದೆ ಎಂಬುದು ಮುಂದಿನ ಪ್ರಶ್ನೆ. ಸ್ಪರ್ಧಾ ಪರೀಕ್ಷೆಯ ಕೈಪಿಡಿಗಳ ಪಕ್ಕದಲ್ಲಿ ಹತ್ತು ಹನ್ನೊಂದರ ಹುಡುಗಿಯೊಬ್ಬಳು ನಿಂತಲ್ಲೇ ತೆರೆದು ಕುಳಿತುಬಿಡುವಂಥ ಕಥೆಗಳು, ಅವಳದೇ ಕನ್ನಡದಲ್ಲಿ, ಇರಬೇಕು. ಶಾಲೆ ಬಿಟ್ಟ ಮೇಲೆ, ಬಸ್ಸು ಬರುವ ಮುಂಚೆ, ಆ ಕೋಣೆ ತೆರೆದಿರಬೇಕು. ಅಲ್ಲಿಗೆ ಸೇರಲು ಯಾವ ಪರೀಕ್ಷೆಯೂ ಬೇಕಿಲ್ಲ. ವಹಿಯಲ್ಲಿ ಹೆಸರು ಬರೆಸಿದರೆ ಸಾಕು.